ಗಾಡಿ ಬಿಡದಿದ್ದರೆ ಗಿರಾಕಿ ಬರುತ್ತಾರೆಯೇ?

ಪ್ರಶ್ನೆ: ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನ ಬಿಡದೆ ಜನರಿಗಷ್ಟೇ ಬೀದಿ ಬಿಟ್ಟುಕೊಟ್ಟಿದ್ದರು. ನಮ್ಮ ರೂವಿಯ ಹೈಸ್ಟ್ರೀಟನ್ನೂ ಹಾಗೆ ಮಾಡಬಹುದಲ್ಲವೇ? ಅಂಗಡಿಯವರು ವ್ಯಾಪಾರ ಮುಳುಗುತ್ತದೆ ಅನ್ನುತ್ತಾರೆ. ನಿಜವೇ?
— ಒಬ್ಬ ಓದುಗರು, ರೂವಿ, ಒಮಾನ್

ಉತ್ತರ: ವ್ಯಾಪಾರಿಗಳ ಈ ಭಯ ಹೊಸದಲ್ಲ. 1962ರ ನವೆಂಬರ್‌ನಲ್ಲಿ ಕೋಪನ್‌ಹೇಗನ್‌ನ ಸ್ಟ್ರೋಯೆಟ್ ಬೀದಿಗೆ ಕಾರು ಬಿಡುವುದನ್ನು ನಿಲ್ಲಿಸಿದಾಗಲೂ, ಇಟಲಿಯವರ ಹಾಗೆ ಬೀದಿ ಸುತ್ತುವ ಜನ ನಾವಲ್ಲ, ಅಂಗಡಿ ಮುಚ್ಚಬೇಕಾದೀತು ಎಂದು ಗೊಣಗಿದವರಿದ್ದರು. ಈಗಲೂ ಆ ಊರಿನ ಮುಖ್ಯ ಪೇಟೆ ಅದೇ.

ಹಾಗಂತ ಎಲ್ಲ ಬೀದಿಗೂ ಇದು ಒಗ್ಗುತ್ತದೆ ಎನ್ನಲಾರೆ. ಚರ್ಚ್ ಸ್ಟ್ರೀಟ್ ಪ್ರಯೋಗ ನಡೆದದ್ದು 2020ರ ನವೆಂಬರ್‌ನಿಂದ ಮುಂದಿನ ಫೆಬ್ರವರಿವರೆಗೆ, ಶನಿವಾರ-ಭಾನುವಾರ ಮಾತ್ರ. ಮಗ್ಗುಲಲ್ಲೇ ಎಂ.ಜಿ. ರಸ್ತೆಯ ಮೆಟ್ರೋ ಇತ್ತು. ಪುಸ್ತಕದಂಗಡಿ, ಕಾಫಿ ಎಂದು ಸುತ್ತಾಡಲೆಂದೇ ಬರುವವರಿದ್ದರು. ಗಾಂಧಿ ಬಜಾರಿನಲ್ಲಿ ಇಂಥದೇ ಯೋಜನೆ ಹೊರಟಾಗ ಜಗಳವೆಲ್ಲ ಪಾರ್ಕಿಂಗ್ ಸುತ್ತಲೇ ತಿರುಗಿತು. ಹೂವು-ಹಣ್ಣು ಕೊಳ್ಳುವವರು ಸ್ಕೂಟರ್ ಎಲ್ಲಿ ನಿಲ್ಲಿಸಬೇಕು? ನ್ಯಾಯವಾದ ಪ್ರಶ್ನೆಯೇ.

ರೂವಿಯ ತೊಡಕು ಬೇರೆ: ಬಿಸಿಲು. ಸುತ್ತಲೂ ಬೋಳು ಕಲ್ಲುಗುಡ್ಡ, ನಡುವೆ ಕಾದ ಕಣಿವೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆವರೆಗೆ ಬಯಲಲ್ಲಿ ಕೆಲಸ ಮಾಡಿಸಬಾರದೆಂದು ಸರ್ಕಾರವೇ ನಿಯಮ ಮಾಡಿರುವ ದೇಶದಲ್ಲಿ, ಹಗಲು ಹೊತ್ತು ಬೀದಿ ಖಾಲಿ ಮಾಡಿಸಿ ಯಾರನ್ನು ನಡೆಸುತ್ತೀರಿ? ಮೇಲಾಗಿ ರೂವಿ ಕಾರಿನ ಕಾಲದ ಪೇಟೆ. 1973ರಲ್ಲಿ ಸೀಬ್ ವಿಮಾನ ನಿಲ್ದಾಣ ತೆರೆಯುವ ತನಕ ವಿಮಾನಗಳು ಇಳಿಯುತ್ತಿದ್ದುದು ಈ ಕಣಿವೆಯ ಬೈತ್ ಅಲ್ ಫಲಜ್‌ನಲ್ಲೇ. ಬ್ಯಾಂಕು, ಅಂಗಡಿ ಸಾಲುಗಳೆಲ್ಲ ಆಮೇಲೆ ಎದ್ದವು.

ಹಳೆಯ ಪೇಟೆ ಹೇಗಿರುತ್ತಿತ್ತು ಎಂದು ನೋಡಬೇಕಾದರೆ ಪಕ್ಕದ ಮತ್ರಾ ಸೂಕ್‌ಗೆ ಹೋಗಿ. ಕಡಲ ದಂಡೆಯ ರಸ್ತೆಯಲ್ಲಿ ಕಾರು ಬಿಟ್ಟು ಒಳಗೆ ಕಾಲಿಟ್ಟರೆ ತಲೆಯ ಮೇಲೆ ಮಾಡು, ಮೂಗಿಗೆ ಲೋಬಾನದ ಹೊಗೆ, ಎರಡೂ ಕಡೆ ಅಂಗಡಿ. ಗಾಡಿಯನ್ನು ಯಾರೂ ತಡೆಯಬೇಕಿಲ್ಲ, ನುಗ್ಗಲು ಜಾಗವೇ ಇಲ್ಲ. ಅಲ್ಲಿ ಜನರನ್ನು ನಡೆಸುವುದು ನೆರಳು. ಅದಿಲ್ಲದೆ ಕಲ್ಲು ಹಾಸಿ ಬೆಂಚು ಇಟ್ಟರೆ ಬೆಂಚೂ ಕಾಯುತ್ತದೆ ಅಷ್ಟೇ.

ದೆಹಲಿಯ ಚಾಂದನಿ ಚೌಕದಲ್ಲಿ 2021ರಲ್ಲಿ ಹೊಸ ರೂಪ ಕೊಟ್ಟಾಗ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮೋಟಾರು ವಾಹನ ಬೇಡವೆಂದರು. ರೂವಿಯಲ್ಲಿ ಗಡಿಯಾರ ತಿರುಗಿಸಬೇಕು: ಬೆಳಿಗ್ಗೆ ಸರಕಿನ ಗಾಡಿ, ಸಂಜೆ ಅಂಗಡಿ ಮತ್ತೆ ತೆರೆದ ಮೇಲೆ ಜನ. ಶುಕ್ರವಾರ ಸಂಜೆ ಸಾಕು, ಮೊದಲಿಗೆ. ಅವತ್ತು ರಜೆಯ ಕೆಲಸಗಾರರು ಬಸ್ಸಿಳಿದು ಬಂದು ಫುಟ್‌ಪಾತ್ ಸಾಲದೆ ರಸ್ತೆಗೇ ಇಳಿದಿರುತ್ತಾರೆ; ಕಾರುಗಳು ಹೇಗೂ ತೆವಳುತ್ತಿರುತ್ತವೆ. ಫೋನ್, ಬಟ್ಟೆ, ಹೋಟೆಲಿನವರಿಗೆ ಇದರಿಂದ ನಷ್ಟವಾಗಲಾರದು ಎಂದು ನನ್ನ ಅಂದಾಜು. ಬಂಗಾರದ ಅಂಗಡಿಯವರನ್ನು ಒಪ್ಪಿಸುವುದು ಕಷ್ಟ: ಸಂಸಾರ ಸಮೇತ ಬರುವ ಗಿರಾಕಿಗೆ ಬಾಗಿಲಲ್ಲೇ ಇಳಿಯುವ ಅಭ್ಯಾಸ. ಅವರಿಗೆ ಹಿಂದಿನ ಬೀದಿಯಲ್ಲಿ ಪಾರ್ಕಿಂಗ್ ತೋರಿಸಿಯೇ ಮಾತು ಶುರುಮಾಡಬೇಕು.