ನಗುವ ಬುದ್ಧ: ಅಲಂಕಾರವೋ, ಅದೃಷ್ಟದ ತಾಯಿತವೋ?

ಮನೆಗಳ ಆಶೀರ್ವಾದಕ್ಕೆ ಹೋದಾಗ ಬಾಗಿಲೆದುರು ಅಥವಾ ಟಿ.ವಿ. ಪಕ್ಕ ಡೊಳ್ಳು ಹೊಟ್ಟೆಯ ನಗುಮುಖದ ಗೊಂಬೆಯೊಂದು ಕಾಣಸಿಗುವುದು ಈಗ ಅಪರೂಪವಲ್ಲ. ಗುರುಗಳು ಬರುತ್ತಾರೆಂದು ಅದನ್ನು ಒಳಗೆ ಬಚ್ಚಿಡುವವರೂ ಉಂಟು! "ಸ್ವಾಮಿ, ಗೃಹಪ್ರವೇಶಕ್ಕೆ ಬಂದವರು ಕೊಟ್ಟದ್ದು. ಇಟ್ಟುಕೊಂಡರೆ ಪಾಪವೇ?" ಎಂದು ಕೇಳುತ್ತಾರೆ. ಪ್ರಶ್ನೆ ಸಣ್ಣದಲ್ಲ.

ಮೊದಲು ಅದು ಯಾರ ವಿಗ್ರಹವೆಂದು ತಿಳಿಯೋಣ. ಹಲವರು ಭಾವಿಸುವಂತೆ ಅದು ಗೌತಮ ಬುದ್ಧರದಲ್ಲ. ಸುಮಾರು 10ನೇ ಶತಮಾನದ ಆರಂಭದಲ್ಲಿ ಚೀನಾದ ಝೆಜಿಯಾಂಗ್ ಪ್ರಾಂತ್ಯದಲ್ಲಿದ್ದನೆಂದು ಪರಂಪರೆ ಹೇಳುವ ಒಬ್ಬ ಅಲೆಮಾರಿ ಭಿಕ್ಷುವಿನದು. ಹೆಗಲಲ್ಲಿ ಸದಾ ಬಟ್ಟೆಯ ಚೀಲ ಇರುತ್ತಿದ್ದುದರಿಂದ 'ಬುದಾಯ್', ಅಂದರೆ ಬಟ್ಟೆಚೀಲ ಎಂದೇ ಹೆಸರಾಯಿತು. ಮುಂದೆ ಬರಲಿರುವ ಮೈತ್ರೇಯ ಬುದ್ಧನ ರೂಪವೇ ಈತನೆಂದು ಅಲ್ಲಿನ ಜನ ನಂಬಿದರು. ಹಾಂಗ್‌ಝೌ ನಗರದ ಲಿಂಗ್‌ಯಿನ್ ವಿಹಾರದ ಬಳಿ ಬಂಡೆಯಲ್ಲಿ ಕೊರೆದ ಸೋಂಗ್ ಕಾಲದ ಆತನ ಶಿಲ್ಪ ಇಂದಿಗೂ ಇದೆ. ಜಪಾನಿನಲ್ಲಿ ಆತ 'ಹೊತೇಯಿ', ಏಳು ಭಾಗ್ಯದೇವತೆಗಳಲ್ಲಿ ಒಬ್ಬ.

ಆ ಹೊಟ್ಟೆ ಎಲ್ಲರನ್ನೂ ಸಹಿಸಿಕೊಳ್ಳುವ ವಿಶಾಲ ಮನಸ್ಸಿನ ಗುರುತು. ನಗು ಸಂತೃಪ್ತಿಯದು. ಚೀಲದಲ್ಲಿದ್ದುದು ಭಿಕ್ಷೆಯಾಗಿ ಸಿಕ್ಕಿದ್ದು. ಅದನ್ನು ಮಕ್ಕಳಿಗೆ ಹಂಚುತ್ತಿದ್ದನೆಂದು ಕಥೆಗಳು ಹೇಳುತ್ತವೆ. ಸ್ವಂತ ಸೂರಿಲ್ಲದ ಇಂಥವನ ಕೈಗೆ ವ್ಯಾಪಾರಿಗಳು ಚಿನ್ನದ ಗಟ್ಟಿ ಕೊಟ್ಟು, ಕಾಲ ಕೆಳಗೆ ನಾಣ್ಯಗಳ ರಾಶಿ ಇಟ್ಟಿದ್ದಾರೆ. ಹೊಟ್ಟೆ ಸವರಿದರೆ ಹಣ ಬರುತ್ತದಂತೆ. ತಾನೇ ಕೊಂಡರೆ ಫಲವಿಲ್ಲ, ಇನ್ನೊಬ್ಬರು ಕೊಡಬೇಕಂತೆ. (ಅಂಗಡಿಯವರಿಗೆ ಇದಕ್ಕಿಂತ ಒಳ್ಳೆಯ ನಂಬಿಕೆ ಯಾವುದಿದ್ದೀತು?)

ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಆದ್ದರಿಂದ ಆ ಭಿಕ್ಷುವನ್ನು ಹೀಗಳೆಯುವುದು ನಮಗೆ ತಕ್ಕದ್ದಲ್ಲ. ನಮ್ಮ ತಕರಾರು 'ಅದೃಷ್ಟ'ದ ಜೊತೆ. ಗೊಂಬೆಯ ದಿಕ್ಕು ಬದಲಿಸಿದರೆ ಮನೆಯ ಭಾಗ್ಯ ಬದಲಾಗುತ್ತದೆಂದು ನಂಬಿದವನು ದೇವರ ಪರಿಪಾಲನೆಯನ್ನು ಬಿಟ್ಟುಕೊಟ್ಟಂತೆಯೇ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಮೂಢನಂಬಿಕೆಯನ್ನೂ ತಾಯಿತಗಳನ್ನೂ ಮೊದಲನೆಯ ಆಜ್ಞೆಯ ಅಡಿಯಲ್ಲಿ ಖಂಡಿಸುತ್ತದೆ.

ಅದೇ ಗ್ರಂಥ ಇನ್ನೊಂದು ಮಾತನ್ನೂ ಹೇಳುತ್ತದೆ, ನಾವು ಅದನ್ನು ಬೇಗ ಮರೆಯುತ್ತೇವೆ: ಸತ್ಯದೇವರಿಗೆ ಸಲ್ಲಿಸುವ ಆರಾಧನೆಯಲ್ಲೂ ಮೂಢನಂಬಿಕೆ ನುಸುಳಬಲ್ಲದು. ಒಮ್ಮೆಯೂ ಜಪಿಸದ ಜಪಸರವನ್ನು ಅಪಘಾತ ತಪ್ಪಿಸಲೆಂದು ಕಾರಿನ ಕನ್ನಡಿಗೆ ನೇತುಹಾಕಿದರೆ ಅದಕ್ಕೂ ಈ ಗೊಂಬೆಗೂ ಏನು ಅಂತರ? ಪ್ರತಿಮೆಗೆ ಸಲ್ಲಿಸುವ ಗೌರವ ಅದು ಸೂಚಿಸುವ ವ್ಯಕ್ತಿಗೆ ಸಲ್ಲುತ್ತದೆಂದು 787ರ ನೀಸೆಯಾ ಮಹಾಸಭೆ ಕಲಿಸಿತು. ಸಂತ ಅಂತೋಣಿಯವರ ಸ್ವರೂಪವೂ ತಾನಾಗಿ ಏನನ್ನೂ ಮಾಡದು.

ಹಾಗಾದರೆ ಮನೆಯಲ್ಲಿರುವುದನ್ನು ಏನು ಮಾಡುವುದು? ಒಡೆದು ಬಿಸಾಡಬೇಡಿ; ಪ್ರೀತಿಯಿಂದ ಕೊಟ್ಟ ನೆರೆಯವರ ಮನಸ್ಸು ನೋಯಿಸುವುದರಲ್ಲಿ ಭಕ್ತಿಯೇನೂ ಇಲ್ಲ. ಬಾಗಿಲೆದುರಿನಿಂದ ತೆಗೆದು ಒಂದು ತಿಂಗಳು ಮಕ್ಕಳ ಪುಸ್ತಕದ ಕಪಾಟಿನಲ್ಲಿಡಿ. ಎದೆ ಡವಗುಟ್ಟದಿದ್ದರೆ ಅದು ಬರೀ ಗೊಂಬೆ, ಇರಲಿ. ವ್ಯಾಪಾರ ಕುಸಿದೀತು, ಕಾಯಿಲೆ ಬಂದೀತು ಎಂಬ ಭಯ ಕಾಡಿದರೆ ಅದು ಮನೆಯಿಂದ ಹೊರಡಲಿ. ಆ ಭಯವನ್ನು ಪಾಪನಿವೇದನೆಯಲ್ಲಿ ಗುರುಗಳ ಮುಂದೆ ಬಿಚ್ಚಿಡಿ. ಪವಿತ್ರ ಹೃದಯದ ಪಟದ ಪಕ್ಕದಲ್ಲಂತೂ ಇಡಬೇಡಿ. ಮಕ್ಕಳು ಇದು ಯಾರೆಂದು ಕೇಳಿದರೆ, ಚೀಲದಲ್ಲಿದ್ದುದನ್ನು ಹಂಚುತ್ತಿದ್ದ ಭಿಕ್ಷುವಿನ ಕಥೆಯನ್ನೇ ಹೇಳಿ.