ಹೊಯಿಗೆ, ಜಲ್ಲಿ ಮತ್ತು ಮುರಿದ ಮನೆ



ಮಂಗಳೂರು ಪೇಟೆಯಲ್ಲಿ ಹೊಯಿಗೆಬಜಾರ್ ಎಂಬ ಜಾಗ ಇದೆ. ಹೊಯಿಗೆ ಅಂದರೆ ಮರಳು. ಆ ಮರಳಿನ ಬಗ್ಗೆ ಇವತ್ತು ಸ್ವಲ್ಪ ತಿಳಿಯೋಣ.

ಕಾಂಕ್ರೀಟ್ ಅಂದರೆ ಬರೀ ಸಿಮೆಂಟ್ ಅಂತ ನಾವು ತಿಳಿದಿದ್ದೇವೆ. ಅದು ತಪ್ಪು. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಹೊಯಿಗೆ ಮತ್ತು ಜಲ್ಲಿ. ಸಿಮೆಂಟ್ ಅಂಟು ಮಾತ್ರ. ಮೇಸ್ತ್ರಿಗಳು 1:2:4 ಅನ್ನುವುದನ್ನು ಕೇಳಿದ್ದೀರಾ? 1 ಪಾಲು ಸಿಮೆಂಟಿಗೆ 2 ಪಾಲು ಹೊಯಿಗೆ, 4 ಪಾಲು ಜಲ್ಲಿ. ಜಲ್ಲಿಯ ಸಂದಿಯನ್ನು ಹೊಯಿಗೆ ತುಂಬುತ್ತದೆ, ಹೊಯಿಗೆಯ ಸಂದಿಯನ್ನು ಸಿಮೆಂಟ್ ತುಂಬುತ್ತದೆ.

ಇವು ಎಲ್ಲಿಂದ ಬರುತ್ತವೆ?

1. ಹೊಯಿಗೆ: ನೇತ್ರಾವತಿ, ಫಲ್ಗುಣಿ ನದಿಗಳಿಂದ. ಘಟ್ಟದ ಕಲ್ಲು ಸವೆದು, ಉರುಳಿ ಹೊಯಿಗೆಯಾಗಲು ಸಾವಿರಾರು ವರ್ಷ ಬೇಕು. ಲಾರಿಗೆ ತುಂಬಲು ಸ್ವಲ್ಪ ಹೊತ್ತು ಸಾಕು! ಸಮುದ್ರದ ಹೊಯಿಗೆ ಹಾಗೇ ಹಾಕಬಾರದು, ಅದರ ಉಪ್ಪಿನಿಂದ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ.
2. ಜಲ್ಲಿ: ಕೋರೆಯ ಕಪ್ಪುಕಲ್ಲನ್ನು ಕ್ರಷರಿನಲ್ಲಿ ಒಡೆದದ್ದು. ಇನ್ನೂ ಸಣ್ಣಗೆ ಒಡೆದು ತೊಳೆದರೆ ಎಂ-ಸ್ಯಾಂಡ್.
3. ಕೆಂಪುಕಲ್ಲು: ಗೋಡೆಗೆ ಒಳ್ಳೆಯದು. ಆದರೆ ಮೆದು, ನೀರು ಹೀರುತ್ತದೆ. ಹಾಗಾಗಿ ಗಟ್ಟಿ ಕಾಂಕ್ರೀಟಿನ ಜಲ್ಲಿಗೆ ಆಗುವುದಿಲ್ಲ.

ಹೆಚ್ಚು ತೆಗೆದರೆ ಏನಾಗುತ್ತದೆ?

ಹೊಯಿಗೆ ನೀರನ್ನು ಹಿಡಿದಿಡುತ್ತದೆ. ನದಿಯ ತಳ ಇಳಿದರೆ ಹತ್ತಿರದ ಬಾವಿಗಳ ನೀರೂ ಇಳಿಯುತ್ತದೆ. ಸೇತುವೆಯ ಕಂಬದ ಬುಡವೂ ಸಡಿಲವಾಗುತ್ತದೆ. 2018ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಮುಲ್ಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿಯಿತು. ಹೊಯಿಗೆ ತೆಗೆದದ್ದೇ ಕಾರಣ ಎಂದು ಊರಿನವರು ದೂರಿದರು. ಇನ್ನೊಂದು ಮಾತು: ಬಿಟ್ಟುಹೋದ ಕೋರೆಯಲ್ಲಿ ಮಳೆನೀರು ತುಂಬಿರುತ್ತದೆ. ಆಳ ಗೊತ್ತಾಗುವುದಿಲ್ಲ. ಅಲ್ಲಿಗೆ ಈಜಲು ಖಂಡಿತ ಹೋಗಬೇಡಿ.

ಮುರಿದ ಮನೆ ಕಸವೇ?

ಕಳೆದ ವರ್ಷ ನಮ್ಮ ಅಜ್ಜಿಮನೆ ಮುರಿದರು. ಮೂರು ಟೆಂಪೊ ಕಲ್ಲು-ಗಾರೆಯನ್ನು ತೋಡಿನ ಬದಿಗೆ ಸುರಿದರು. ಮಳೆ ಬಂದಾಗ ತೋಡು ಕಟ್ಟಿ ಗದ್ದೆಗೆ ನೀರು ನುಗ್ಗಿತು. ಅದೇ ವಾರ ಅಂಗಳ ತುಂಬಿಸಲು ಹೊಸ ಕಲ್ಲುಪುಡಿ ದುಡ್ಡು ಕೊಟ್ಟು ತಂದರು! ಅಜ್ಜಿ ಹೇಳಿದರು, "ನಮ್ಮ ಕಾಲದಲ್ಲಿ ಹಂಚಿನ ಚೂರನ್ನೂ ಬಿಸಾಡುತ್ತಿರಲಿಲ್ಲ ಮಗಾ." ನಿಜ. ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರುವಾದ ಊರು ನಮ್ಮದು. ಸುಟ್ಟ ಮಣ್ಣಿನ ಪುಡಿಯನ್ನು ಸುಣ್ಣಕ್ಕೆ ಬೆರೆಸಿ ಗಾರೆ ಮಾಡುತ್ತಿದ್ದರು. ಅದಕ್ಕೆ ಸುರ್ಕಿ ಎಂದು ಹೆಸರು.

ಈಗ ಹಳೆ ಕಾಂಕ್ರೀಟನ್ನು ಯಂತ್ರದಲ್ಲಿ ಒಡೆದು, ಕಬ್ಬಿಣ ಬೇರೆ ಮಾಡಿ, ಜರಡಿ ಹಿಡಿದು ಪುನಃ ಜಲ್ಲಿ ಮಾಡುತ್ತಾರೆ. ದೆಹಲಿಯ ಬುರಾರಿಯಲ್ಲಿ 2009ರಲ್ಲೇ ಇಂಥ ಘಟಕ ಶುರುವಾಯಿತು. ಹಳೆ ಗಾರೆ ಅಂಟಿರುವುದರಿಂದ ಈ ಜಲ್ಲಿ ನೀರು ಹೆಚ್ಚು ಹೀರುತ್ತದೆ. ಆದ್ದರಿಂದ 2016ರ ಭಾರತೀಯ ಮಾನಕ ಐಎಸ್ 383 ಮಿತಿ ಹಾಕಿದೆ: ಕಬ್ಬಿಣ ಹಾಕಿದ ಸಾಧಾರಣ ಕಾಂಕ್ರೀಟಿಗೆ ಜಲ್ಲಿಯ ಶೇ. 20ರವರೆಗೆ, ಕಬ್ಬಿಣ ಇಲ್ಲದ್ದಕ್ಕೆ ಶೇ. 25ರವರೆಗೆ. ತಳಕ್ಕೆ ಹಾಕುವ ತೆಳು ಕಾಂಕ್ರೀಟಿಗೆ ಪೂರ್ತಿ ಹಾಕಬಹುದು.

ಮಾಡಿ ನೋಡಿ: ಗಾಜಿನ ಬಾಟ್ಲಿಗೆ ಅರ್ಧ ಹೊಯಿಗೆ, ಮೇಲೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಕುಲುಕಿ. ಮೂರು ಗಂಟೆ ಬಿಡಿ. ಮೇಲೆ ಕೂತ ಪದರ ಕೆಸರು. ಅದು ನೂರಕ್ಕೆ 8 ಪಾಲಿಗಿಂತ ಹೆಚ್ಚಿದ್ದರೆ ಆ ಹೊಯಿಗೆ ತೊಳೆಯಬೇಕು.

ಪ್ರಶ್ನೆ: ನಿಮ್ಮ ಮನೆಯ ಹತ್ತಿರ ಮುರಿದ ಗೋಡೆಯ ಕಲ್ಲು ಎಲ್ಲಿ ಬಿದ್ದಿದೆ? ಅದನ್ನು ಯಾವುದಕ್ಕೆ ಬಳಸಬಹುದು? ಬರೆದು ತನ್ನಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.