ಅರ್ಧರಾತ್ರಿಯ ಟ್ಯಾಕ್ಸಿ, ಅಪಘಾತ ಮತ್ತು ನಮ್ಮ ಸಂಬಳದ ಪುಸ್ತಕ



ಕಳೆದ ಮದುವೆ ಸೀಸನ್‌ನಲ್ಲಿ ನಮ್ಮ ಸದಸ್ಯರೊಬ್ಬರಿಗೆ ಠಾಣೆಯ ಒಂದು ಹಾಲ್‌ನಲ್ಲಿ ಆರ್ಡರ್ ಇತ್ತು. ಪಾತ್ರೆ ತೊಳೆದು ಟೆಂಪೋಗೆ ತುಂಬಿಸುವಷ್ಟರಲ್ಲಿ ರಾತ್ರಿ ಒಂದೂವರೆ ದಾಟಿತ್ತು. ಲೋಕಲ್ ಟ್ರೇನ್ ಇಲ್ಲ. ದೋಸೆ ಮಾಸ್ಟರ್ ಮತ್ತು ಇಬ್ಬರು ಹುಡುಗರು ಆ್ಯಪ್‌ನಲ್ಲಿ ಟ್ಯಾಕ್ಸಿ ಕರೆಸಿ ಮೀರಾ ರೋಡ್‌ನ ರೂಮಿಗೆ ಹೊರಟರು. ಘೋಡ್‌ಬಂದರ್ ರಸ್ತೆಯಲ್ಲಿ ಟ್ಯಾಕ್ಸಿಗೂ ಒಂದು ಟ್ರೇಲರ್‌ಗೂ ಡಿಕ್ಕಿಯಾಯಿತು. ಹುಡುಗರಿಗೆ ತರಚಿದ ಗಾಯ ಅಷ್ಟೆ. ಮಾಸ್ಟರ್‌ನ ಬಲಗೈ ಮಣಿಕಟ್ಟು ಪುಡಿಯಾಯಿತು. ಹದಿನಾಲ್ಕು ವರ್ಷ ಕಾವಲಿ ಮುಂದೆ ನಿಂತ ಕೈ ಅದು. ವಯಸ್ಸು 34, ಊರಲ್ಲಿ ಹೆಂಡತಿ, ಮಗು, ತಂದೆ ತಾಯಿ.

ಈ ವಿಷಯ ಸಭೆಗೆ ಬಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ದುಡ್ಡು ಕೊಡಬೇಕಾದವರು ಯಾರು? ಟ್ಯಾಕ್ಸಿಯವನೋ, ಟ್ರೇಲರ್‌ನವನೋ, ಆ್ಯಪ್ ಕಂಪನಿಯೋ, ನಾವೋ? ವಕೀಲರಲ್ಲಿ ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಕೆಲಸದವರು ವಾರಕ್ಕೆ ಎರಡು ಸಲವಾದರೂ ಇಂಥ ಹೊತ್ತಿನಲ್ಲಿ ಇಂಥ ಟ್ಯಾಕ್ಸಿ ಹತ್ತುವವರೇ.

ಮೊದಲು ಆಸ್ಪತ್ರೆಯ ಮಾತು. 112ಕ್ಕೆ ಫೋನ್ ಮಾಡಿ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತಂದ ನಗದುರಹಿತ ಚಿಕಿತ್ಸೆಯ ಯೋಜನೆಯಂತೆ, ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ಚಿಕಿತ್ಸೆ ಸಿಗುತ್ತದೆ. ಅಡ್ವಾನ್ಸ್ ಕಟ್ಟಿ ಎನ್ನುವವರಿಗೆ ಈ ಯೋಜನೆಯ ಹೆಸರು ಹೇಳಿ. ಎಫ್‌ಐಆರ್‌ನಲ್ಲಿ ಎರಡೂ ವಾಹನಗಳ ನಂಬರ್ ಬಂದಿದೆಯೇ ಎಂದು ಓದಿಸಿಕೊಳ್ಳಿ. ಆ್ಯಪ್‌ನಲ್ಲಿರುವ ಪ್ರಯಾಣದ ವಿವರ, ಡ್ರೈವರ್ ಹೆಸರು, ಬಿಲ್ ಎಲ್ಲದರ ಸ್ಕ್ರೀನ್‌ಶಾಟ್ ಅಂದೇ ತೆಗೆದಿಡಿ. ಮಾಸ್ಟರ್ ವಿಷಯದಲ್ಲಿ ಟ್ಯಾಕ್ಸಿ ಬುಕ್ ಆಗಿದ್ದು ಹುಡುಗನೊಬ್ಬನ ಫೋನಿನಿಂದ. ಅವನು ಹದಿನೈದು ದಿನದಲ್ಲಿ ಕೆಲಸ ಬಿಟ್ಟು ಹೋದ. ಅವನನ್ನು ಹುಡುಕಿ ಆ ಬಿಲ್ ತರಿಸಿಕೊಳ್ಳಲು ಒಂದು ತಿಂಗಳು ಹಿಡಿಯಿತು.

ಇನ್ನು ಹೊಣೆ ಯಾರದ್ದು. ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ತಪ್ಪು ಮಾಡಿದ ಡ್ರೈವರ್, ಆ ವಾಹನದ ಮಾಲೀಕ ಮತ್ತು ಅದಕ್ಕೆ ವಿಮೆ ಕೊಟ್ಟ ಕಂಪನಿ, ಈ ಮೂವರೇ ಮುಖ್ಯ. ಟ್ಯಾಕ್ಸಿಯ ತಪ್ಪೋ ಟ್ರೇಲರ್‌ನ ತಪ್ಪೋ ಎಂದು ಹಿಂದೆ ಕುಳಿತ ಪ್ರಯಾಣಿಕ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಇಬ್ಬರ ತಪ್ಪೂ ಸೇರಿದ್ದರೆ ಪೂರ್ತಿ ಪರಿಹಾರವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ವಸೂಲು ಮಾಡಬಹುದು, ಅವರವರ ಪಾಲಿನ ಲೆಕ್ಕ ಅವರು ಆಮೇಲೆ ನೋಡಿಕೊಳ್ಳಲಿ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಖೆನ್ಯೇಯಿ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಅರ್ಜಿಯಲ್ಲಿ ಎರಡೂ ವಾಹನದ ಕಡೆಯವರನ್ನು ಸೇರಿಸಬೇಕು.

ಓಲಾ, ಉಬರ್‌ನಂಥ ಆ್ಯಪ್ ಕಂಪನಿಗಳಿಗೆ ಕಾಯ್ದೆಯ 93ನೇ ಕಲಮಿನಡಿ ಲೈಸೆನ್ಸ್ ಬೇಕು, ಸರ್ಕಾರದ ಮಾರ್ಗಸೂಚಿಗಳೂ ಇವೆ. ಆದರೆ ಕೋರ್ಟಿನಲ್ಲಿ ಇಂಥ ಕಂಪನಿಗಳ ವಾದ ಸಾಮಾನ್ಯವಾಗಿ ಒಂದೇ: ಡ್ರೈವರ್ ನಮ್ಮ ನೌಕರನಲ್ಲ, ಗಿರಾಕಿಯನ್ನೂ ಟ್ಯಾಕ್ಸಿಯನ್ನೂ ಕೂಡಿಸಿಕೊಡುವುದಷ್ಟೇ ನಮ್ಮ ಕೆಲಸ. ಕಂಪನಿಯನ್ನೂ ಎದುರುದಾರರಲ್ಲಿ ಸೇರಿಸಿ, ಆದರೆ ಅದರ ಮೇಲೆಯೇ ಭರವಸೆ ಇಟ್ಟು ಕೂರಬೇಡಿ. ಹಣ ಬರುವುದು ಹೆಚ್ಚಾಗಿ ವಾಹನದ ವಿಮೆಯಿಂದ.

ಅದಕ್ಕೇ ಹತ್ತುವ ಮೊದಲು ನಂಬರ್ ಪ್ಲೇಟಿನ ಬಣ್ಣ ನೋಡಬೇಕು. ಹಳದಿ ಪ್ಲೇಟ್, ಅಥವಾ ವಿದ್ಯುತ್ ಕಾರಾದರೆ ಹಸಿರು ಪ್ಲೇಟಿನಲ್ಲಿ ಹಳದಿ ಅಕ್ಷರ ಇದ್ದರೆ ಅದು ಬಾಡಿಗೆ ವಾಹನ. ಬಿಳಿ ಪ್ಲೇಟಿನ ಖಾಸಗಿ ಕಾರಿನಲ್ಲಿ ದುಡ್ಡು ಕೊಟ್ಟು ಹೋದರೆ, ಖಾಸಗಿ ಬಳಕೆಗೆ ಕೊಟ್ಟ ಪಾಲಿಸಿಯ ಷರತ್ತು ಮುರಿದಿದ್ದೀರಿ ಎಂದು ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಐವತ್ತು ರೂಪಾಯಿ ಉಳಿಸಲು ಹೋಗಿ ವರ್ಷಗಟ್ಟಲೆ ಅಲೆಯಬೇಕಾದೀತು.

ಎಷ್ಟು ಸಿಗುತ್ತದೆ ಎಂಬಲ್ಲಿ ನಮ್ಮ ಪಾತ್ರ ಶುರುವಾಗುತ್ತದೆ. ಮಾಸ್ಟರ್‌ಗೆ ನಮ್ಮ ಸದಸ್ಯರು ತಿಂಗಳಿಗೆ 24,000 ರೂಪಾಯಿ ಕೊಡುತ್ತಿದ್ದರು, ಎಲ್ಲವೂ ನಗದು. ನ್ಯಾಯಮಂಡಳಿ ಲೆಕ್ಕ ಹಾಕುವುದು ಹೀಗೆ: ವರ್ಷಕ್ಕೆ 2,88,000. ಕಾಯಂ ನೌಕರಿ ಅಲ್ಲದ, 40 ವರ್ಷದೊಳಗಿನವನಾದ್ದರಿಂದ ಮುಂದಿನ ಏಳಿಗೆಯ ಬಾಬ್ತು ಶೇಕಡಾ 40 ಸೇರಿಸಬೇಕು (2017ರ ಪ್ರಣಯ್ ಸೇಠಿ ತೀರ್ಪು). ಆಗ 4,03,200. ದುಡಿಯುವ ಶಕ್ತಿ ಅರ್ಧ ಹೋಗಿದೆ ಎಂದು ಒಪ್ಪಿದರೆ 2,01,600. 31ರಿಂದ 35 ವರ್ಷದವರಿಗೆ ಇದನ್ನು 16ರಿಂದ ಗುಣಿಸಬೇಕು (2009ರ ಸರಳಾ ವರ್ಮಾ ತೀರ್ಪು). ಒಟ್ಟು 32,25,600 ರೂಪಾಯಿ. ಆಸ್ಪತ್ರೆ ಖರ್ಚು, ನೋವಿನ ಬಾಬ್ತು ಬೇರೆ.

ಸಂಬಳಕ್ಕೆ ದಾಖಲೆಯೇ ಇಲ್ಲದಿದ್ದರೆ? ಕನಿಷ್ಠ ವೇತನದ ಆಸುಪಾಸಿನಲ್ಲಿ ಒಂದು ಅಂದಾಜು ಹಿಡಿಯುತ್ತಾರೆ. ಅದು 12,000 ಎಂದುಕೊಳ್ಳಿ, ಪರಿಹಾರ ಸರಿಯಾಗಿ ಅರ್ಧಕ್ಕೆ, 16,12,800ಕ್ಕೆ ಇಳಿಯುತ್ತದೆ. ಬಾಕಿ ಹದಿನಾರು ಲಕ್ಷ ಹೋದದ್ದು ಟ್ರೇಲರ್‌ನಿಂದಲ್ಲ, ನಾವು ಪುಸ್ತಕ ಬರೆಯದೇ ಇದ್ದದ್ದರಿಂದ. ಸಭೆಯಲ್ಲಿ ಈ ಲೆಕ್ಕ ಹಾಕಿ ತೋರಿಸಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಪುಸ್ತಕ ಬರೆದರೆ ಇನ್ನೊಂದು ಇಲಾಖೆ ಬಾಗಿಲಿಗೆ ಬಂದೀತೆಂಬ ಅಂಜಿಕೆ ನಮ್ಮಲ್ಲಿ ಅನೇಕರಿಗೆ ಇದೆ, ಅದನ್ನು ಮುಚ್ಚಿಡುವುದೇಕೆ.

ಶೇಕಡಾವಾರಿನ ವಿಷಯದಲ್ಲೂ ಎಚ್ಚರ ಬೇಕು. ಡಾಕ್ಟರ್ ಸರ್ಟಿಫಿಕೇಟಿನಲ್ಲಿ ಆ ಕೈಗೆ ಶೇಕಡಾ 30 ಊನ ಎಂದಿದ್ದರೆ ಗಳಿಕೆಯೂ ಅಷ್ಟೇ ಹೋಯಿತೆಂದು ಅರ್ಥವಲ್ಲ. ಎಡಗೈ ಕಳೆದುಕೊಂಡ ಬಡಗಿಗೂ ಗುಮಾಸ್ತನಿಗೂ ನಷ್ಟ ಒಂದೇ ಅಲ್ಲ, ಅವರವರ ಕೆಲಸ ನೋಡಿ ನಿರ್ಧರಿಸಬೇಕು ಎಂದು ಸುಪ್ರೀಂ ಕೋರ್ಟ್ 2010ರ ರಾಜ್ ಕುಮಾರ್ ಪ್ರಕರಣದಲ್ಲಿ ವಿವರಿಸಿದೆ. ಮಣಿಕಟ್ಟು ತಿರುಗದವನು ಹಿಟ್ಟು ಹೊಯ್ದು ದೋಸೆ ಹರಡಲಾರ, ಐನೂರು ಜನರ ಸಾಂಬಾರಿನ ಪಾತ್ರೆ ಇಳಿಸಲಾರ. ಇದನ್ನು ನ್ಯಾಯಾಧೀಶರಿಗೆ ಹೇಳಬೇಕಾದವರು ಯಾರು? ಡಾಕ್ಟರಿಗೆ ಮೂಳೆ ಗೊತ್ತು, ಅಡುಗೆಮನೆ ಗೊತ್ತಿಲ್ಲ. ಕೆಲಸ ಕೊಟ್ಟ ಕೇಟರರ್ ಸಾಕ್ಷಿ ಕಟಕಟೆಗೆ ಹೋಗಿ ಹೇಳಬೇಕು.

ಆಸ್ಪತ್ರೆಯಲ್ಲಿರುವಾಗಲೇ ಬೇಗ ಇತ್ಯರ್ಥ ಮಾಡಿಕೊಡುತ್ತೇವೆ ಎಂದು ಕಾಗದ ಹಿಡಿದು ಬರುವವರಿದ್ದಾರೆ. ಯಾರ ತಪ್ಪೆಂದು ಸಾಬೀತು ಮಾಡದೆಯೇ ಸಿಗುವ ಮೊತ್ತ 164ನೇ ಕಲಮಿನಡಿ ಇದೆ: ಸಾವಿಗೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಆದರೆ ವಿಮಾ ಕಂಪನಿಯೊಂದಿಗಿನ ಇತ್ಯರ್ಥದಲ್ಲಿ ಅದನ್ನು ಒಪ್ಪಿ ತೆಗೆದುಕೊಂಡರೆ ಪೂರ್ಣ ಪರಿಹಾರದ ಅರ್ಜಿ ಅಲ್ಲಿಗೆ ಬಿದ್ದುಹೋಗುತ್ತದೆ. ಸಾಲಗಾರರು ಬಾಗಿಲಲ್ಲಿ ನಿಂತಾಗ ಎರಡೂವರೆ ಲಕ್ಷ ದೊಡ್ಡದಾಗಿಯೇ ಕಾಣುತ್ತದೆ. ಸಹಿ ಹಾಕುವ ಮೊದಲು ಒಬ್ಬ ವಕೀಲರಿಗೆ ತೋರಿಸಿ. ಬಂದದ್ದರಲ್ಲಿ ಶೇಕಡಾ ಇಷ್ಟು ನನಗೆ ಎನ್ನುವ ವಕೀಲರು ಬೇಡ, ಬಾರ್ ಕೌನ್ಸಿಲ್ ನಿಯಮವೇ ಅದಕ್ಕೆ ಅಡ್ಡಿಯಿದೆ.

ಕೆಲಸ ಮುಗಿದ ಮೇಲೆ ದಾರಿಯಲ್ಲಿ ಆದದ್ದಕ್ಕೆ ನಾವು ಹೊಣೆಯಲ್ಲ ಎಂದು ಸಭೆಯಲ್ಲಿ ಕೆಲವರು ಹೇಳಿದರು. ಆ ಕಾಲ ಹೋಯಿತು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ರಾತ್ರಿ ಕಾವಲುಗಾರನೊಬ್ಬ 2003ರಲ್ಲಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಕುಟುಂಬದ ಪರ ತೀರ್ಪು ಕೊಟ್ಟಿತು. 1923ರ ನೌಕರರ ಪರಿಹಾರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅಪಘಾತದ ಸಮಯ, ಸ್ಥಳ, ಸಂದರ್ಭಕ್ಕೆ ನೌಕರಿಯ ಸಂಬಂಧ ಇದ್ದರೆ ಮನೆಯ ದಾರಿಯ ಅಪಘಾತವೂ ಕೆಲಸದ ಅಪಘಾತವೇ. ನಡುರಾತ್ರಿ ನಾವೇ ಕಳಿಸಿಕೊಟ್ಟವನ ವಿಷಯದಲ್ಲಿ ಸಂಬಂಧ ಇಲ್ಲವೆಂದು ಹೇಳುವುದು ಕಷ್ಟ. ಗಾಯಾಳು ಮೋಟಾರು ಕಾಯ್ದೆ ಅಥವಾ ನೌಕರರ ಪರಿಹಾರ, ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಹಾಗಾಗಿ ಕೆಲಸದವರ ವಿಮೆ ಮಾಡಿಸದವರು ಈ ಸೀಸನ್‌ಗೆ ಮುಂಚೆ ಮಾಡಿಸಿಕೊಳ್ಳಿ.

ಅರ್ಜಿಗೆ ಗಡುವು ಅಪಘಾತದ ದಿನದಿಂದ ಆರು ತಿಂಗಳು. ಈ ಗಡುವಿನ ಮೇಲೆ ಸುಪ್ರೀಂ ಕೋರ್ಟಿನಲ್ಲಿ ತಕರಾರು ನಡೆದಿದ್ದು, ತಡವಾಯಿತೆಂಬ ಕಾರಣಕ್ಕೆ ಅರ್ಜಿ ತಳ್ಳಿಹಾಕಬೇಡಿ ಎಂಬ ಮಧ್ಯಂತರ ಆದೇಶ 2025ರ ನವೆಂಬರ್‌ನಲ್ಲಿ ಬಂದಿತು. ಅದನ್ನು ನಂಬಿ ಸುಮ್ಮನಿರಬೇಡಿ, ಆರು ತಿಂಗಳೊಳಗೇ ಹಾಕಿ. ಅಪಘಾತವಾದ ಊರಲ್ಲೇ ಹಾಕಬೇಕೆಂದೂ ಇಲ್ಲ, ಅರ್ಜಿದಾರ ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು.

ಮಾಸ್ಟರ್ ಈಗ ಊರಲ್ಲಿದ್ದಾನೆ. ಐದನೇ ತಿಂಗಳಲ್ಲಿ ಕುಂದಾಪುರದಲ್ಲಿ ಅರ್ಜಿ ಹಾಕಿದ್ದಾನೆ. ನಮ್ಮ ಸದಸ್ಯರು ತಮ್ಮ ಹಳೆ ಡೈರಿಗಳನ್ನೆಲ್ಲ ಹುಡುಕಿ ತೆಗೆದಿದ್ದಾರೆ, ಪ್ರತಿ ತಿಂಗಳೂ ಅವನಿಗೆ ಕೊಟ್ಟದ್ದು ಅದರಲ್ಲಿ ಪೆನ್ಸಿಲ್‌ನಲ್ಲಿ ಬರೆದಿದೆ, ಸಹಿ ಇಲ್ಲ. ಕೋರ್ಟ್ ಅದನ್ನು ಎಷ್ಟು ಒಪ್ಪುತ್ತದೋ ನೋಡಬೇಕು. ಸಾಕ್ಷಿ ಹೇಳಲು ತಾವೇ ಹೋಗುವುದಾಗಿ ಸಭೆಯಲ್ಲಿ ಅವರು ಹೇಳಿದ್ದಾರೆ. ಹೆಸರು, ದಿನ, ಮೊತ್ತ, ಸಹಿ ಎಂಬ ನಾಲ್ಕು ಕಾಲಂಗಳ ಸಂಬಳದ ಪುಸ್ತಕದ ನಮೂನೆ ಸಂಘದ ಕಚೇರಿಯಲ್ಲಿದೆ. ಬೇಕಾದವರು ಒಯ್ಯಬಹುದು. ಬ್ಯಾಂಕ್ ಮೂಲಕ ಸಂಬಳ ಕೊಡುವುದಾದರೆ ಇನ್ನೂ ಒಳ್ಳೆಯದು.